ಹ್ಯಾಂಕ್ ಜೋನ್ಸ್: ಸಾಥ್ ನೀಡುತ್ತಲೇ ಸಾಗಿದ ಏಳು ದಶಕಗಳ ಪಿಯಾನೊವನ್ನು ಹೇಗೆ ಕೇಳಬೇಕು?

ಪ್ರಶ್ನೆ
ಪೇಟಿಪ್ರಿಯ, ಟಿಳಕವಾಡಿ, ಬೆಳಗಾವಿ

ಎಲ್ಲ ಸಂಗೀತಾಸಕ್ತರಿಗೆ ನಮಸ್ಕಾರ. ನಾನು ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಕಲಿಯುತ್ತಿದ್ದೇನೆ. ಊರಿನ ಸಣ್ಣ ಬೈಠಕ್‌ಗಳಲ್ಲಿಯೂ ಶ್ರಾವಣದ ಭಜನೆಗಳಲ್ಲಿಯೂ ಗಾಯಕರಿಗೆ ಸಾಥ್ ನೀಡುತ್ತೇನೆ. ಇತ್ತೀಚೆಗೆ ಜಾಝ್ ಸಂಗೀತವನ್ನು ಆಸ್ಥೆಯಿಂದ ಕೇಳತೊಡಗಿದ್ದೇನೆ. ಮೊದಲು ಮೈಲ್ಸ್ ಡೇವಿಸ್ ಅವರ ಟ್ರಂಪೆಟ್‌ಗಾಗಿ ಕ್ಯಾನನ್‌ಬಾಲ್ ಆ್ಯಡರ್ಲಿ ಅವರ 1958ರ ಧ್ವನಿಮುದ್ರಿಕೆಯನ್ನು ಕೇಳಿದೆ. ಅಲ್ಲಿಂದ ಎಲಾ ಫಿಟ್ಸ್‌ಜೆರಾಲ್ಡ್ ಅವರ ಗಾಯನದ ಕಡೆಗೆ, ಅಲ್ಲಿಂದ ಚಾರ್ಲಿ ಪಾರ್ಕರ್ ಅವರ ಸ್ಯಾಕ್ಸೊಫೋನ್ ಕಡೆಗೆ ಹೋದೆ. ಈ ಮೂವರ ಹಿಂದೆಯೂ ಪಿಯಾನೊ ನುಡಿಸಿದವರ ಹೆಸರು ಒಂದೇ ಆಗಿರುವುದನ್ನು ಕಂಡು ಬೆರಗಾದೆ: ಹ್ಯಾಂಕ್ ಜೋನ್ಸ್.

ಹುಡುಕಿ ನೋಡಿದಾಗ ಅವರು 1918ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡರೆಂದೂ, ಹದಿಹರೆಯದಿಂದ ಕೊನೆಯ ವರ್ಷದವರೆಗೂ ನುಡಿಸುತ್ತಲೇ ಇದ್ದರೆಂದೂ ತಿಳಿಯಿತು. ಇಷ್ಟು ದೀರ್ಘವಾದ ವೃತ್ತಿಜೀವನದ ಬಹುಪಾಲು ಇನ್ನೊಬ್ಬರ ಹೆಸರಿನ ಕೆಳಗೆ ಎರಡನೆಯ ಸಾಲಿನಲ್ಲಿ ನಡೆದಿದೆ. ನಾನೂ ಸಾಥಿಯಾಗಿರುವುದರಿಂದ ಈ ವಿಷಯ ನನ್ನನ್ನು ಬಹಳವಾಗಿ ಕಾಡುತ್ತಿದೆ. ಗಾಯಕಿಯೊಬ್ಬರು ಹಾಡುತ್ತಿರುವಾಗ, ಅಥವಾ ಸ್ಯಾಕ್ಸೊಫೋನ್ ಮುಂದೆ ನಿಂತು ಮಾತನಾಡುತ್ತಿರುವಾಗ, ಹಿಂದಿನ ಪಿಯಾನೊದಲ್ಲಿ ನಾನು ಏನನ್ನು ಕೇಳಿಸಿಕೊಳ್ಳಬೇಕು? ಅದನ್ನು ನಮ್ಮ ಪೇಟಿಯ ಸಾಥ್‌ನೊಂದಿಗೆ ಹೋಲಿಸಿ ಅರ್ಥಮಾಡಿಕೊಳ್ಳುವುದು ಸರಿಯೇ? ಇಷ್ಟೊಂದು ಬಗೆಯ ಕಲಾವಿದರಿಗೆ ಒಗ್ಗಿಕೊಂಡವರಿಗೆ ತಮ್ಮದೇ ಆದ ಕೈ ಎಂಬುದು ಉಳಿದಿತ್ತೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ
ಕಿನ್ನರಿ, ವಿಜಯಪುರ

ಪೇಟಿಪ್ರಿಯ ಅವರೇ, ಹ್ಯಾಂಕ್ ಜೋನ್ಸ್ ನನಗೆ ಅತ್ಯಂತ ಪ್ರಿಯರಾದ ಪಿಯಾನೊ ವಾದಕರು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಅವರು ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಡೆಟ್ರಾಯಿಟ್ ನಗರಕ್ಕೆ ಹತ್ತಿರದ ಪಾಂಟಿಯಾಕ್‌ನಲ್ಲಿ. ತಂದೆ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹೊಣೆಗಾರಿಕೆಯುಳ್ಳ ಧರ್ಮನಿಷ್ಠರು. ಮನೆಯಲ್ಲಿ ಹತ್ತು ಮಕ್ಕಳು. ತಮ್ಮಂದಿರಲ್ಲಿ ಥ್ಯಾಡ್ ಜೋನ್ಸ್ ಟ್ರಂಪೆಟ್ ವಾದಕರಾಗಿ, ಸಂಯೋಜಕರಾಗಿ ಹೆಸರಾದರು. ಎಲ್ವಿನ್ ಜೋನ್ಸ್ ಜಾನ್ ಕೋಲ್ಟ್ರೇನ್ ಅವರ ತಂಡದಲ್ಲಿ ಡ್ರಮ್ಸ್ ನುಡಿಸಿ, ಆ ವಾದ್ಯದ ನಡೆಯನ್ನೇ ಬದಲಿಸಿದರು. ಒಂದೇ ಮನೆಯ ಮೂವರು ಮೂರು ಬೇರೆ ಬೇರೆ ವಾದ್ಯಗಳಲ್ಲಿ ಈ ಎತ್ತರಕ್ಕೆ ಏರಿದ ಉದಾಹರಣೆ ಜಾಝ್‌ನಲ್ಲಿ ತೀರ ವಿರಳ. ಅಣ್ಣನ ವಾದನವು ತಮ್ಮಂದಿರಿಬ್ಬರ ವಾದನಕ್ಕಿಂತ ಬಹಳ ಸೌಮ್ಯವಾದುದು ಎಂಬುದನ್ನೂ ಇಲ್ಲಿಯೇ ಗಮನಿಸಬೇಕು.

ಎಳವೆಯಲ್ಲಿ ಅವರು ಕಿವಿಗೊಟ್ಟದ್ದು ಅರ್ಲ್ ಹೈನ್ಸ್, ಫ್ಯಾಟ್ಸ್ ವಾಲರ್, ಟೆಡ್ಡಿ ವಿಲ್ಸನ್ ಹಾಗೂ ಆರ್ಟ್ ಟೇಟಮ್ ಅವರಿಗೆ. ಆ ಕಾಲದ ಪಿಯಾನೊದಲ್ಲಿ ಎಡಗೈ ಕೆಳಗಿನ ಸ್ವರವನ್ನೂ ನಡುವಣ ಸ್ವರಪುಂಜವನ್ನೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಪರ್ಯಾಯವಾಗಿ ಮುಟ್ಟುತ್ತ ಲಯವನ್ನು ಹೊತ್ತು ಸಾಗುತ್ತಿತ್ತು. ಬಲಗೈ ಅದರ ಮೇಲೆ ಅಲಂಕಾರಗಳನ್ನು ಬಿಡಿಸುತ್ತಿತ್ತು. 1944ರಲ್ಲಿ ಜೋನ್ಸ್ ನ್ಯೂಯಾರ್ಕ್‌ಗೆ ಬಂದು ಹಾಟ್ ಲಿಪ್ಸ್ ಪೇಜ್ ಅವರ ತಂಡವನ್ನು ಸೇರಿದಾಗ, ಅಲ್ಲಿ ಬೀಬಾಪ್ ಎಂಬ ಹೊಸ ಶೈಲಿ ತಲೆಯೆತ್ತುತ್ತಿತ್ತು: ವೇಗವಾದ ಲಯ, ಅನಿರೀಕ್ಷಿತ ಒತ್ತುಗಳು, ಬಿಡುವಿಲ್ಲದೆ ಬದಲಾಗುವ ಸ್ವರಪುಂಜಗಳು. ಹಳೆಯ ಕೈಯವರಲ್ಲಿ ಅನೇಕರು ಅದನ್ನು ದೂರವಿಟ್ಟರು. ಇಪ್ಪತ್ತಾರರ ಹರೆಯದ ಜೋನ್ಸ್ ಅದನ್ನು ಕಲಿತರು, ಆದರೆ ತಮ್ಮ ಹಳೆಯದನ್ನು ಬಿಡಲಿಲ್ಲ. ತಮ್ಮದೇ ಕೈ ಉಳಿದಿತ್ತೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಈ ಸಂಧಿಯಲ್ಲಿದೆ. ಟೆಡ್ಡಿ ವಿಲ್ಸನ್ ಅವರಿಂದ ಬಂದ ಮೆತ್ತನೆಯ ಸ್ಪರ್ಶ ಮತ್ತು ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುವ ಸ್ಪಷ್ಟತೆ ಅವರ ಬಲಗೈಯಲ್ಲಿ ಕೊನೆಯವರೆಗೂ ಇದ್ದವು; ಅದರ ಅಡಿಯಲ್ಲಿ ಹೊಸ ಕಾಲದ ಸ್ವರಪುಂಜಗಳು ಸೇರಿಕೊಂಡವು.

1947ರಲ್ಲಿ ನಾರ್ಮನ್ ಗ್ರ್ಯಾಂಟ್ಸ್ ಅವರ ಜಾಝ್ ಅಟ್ ದ ಫಿಲ್‌ಹಾರ್ಮೋನಿಕ್ ಎಂಬ ಸಂಚಾರಿ ಕಚೇರಿಗಳ ಬಳಗವನ್ನು ಸೇರಿದರು. 1948ರಿಂದ 1953ರವರೆಗೆ ಎಲಾ ಫಿಟ್ಸ್‌ಜೆರಾಲ್ಡ್ ಅವರಿಗೆ ಪಿಯಾನೊ ಸಾಥ್ ನೀಡಿದರು. ಎಲಾ ಅವರು ಪದಗಳನ್ನು ಬಿಟ್ಟು ಬರಿಯ ಅಕ್ಷರಗಳಲ್ಲಿ ಕಲ್ಪನೆಯನ್ನು ಹರಿಯಬಿಡುತ್ತಿದ್ದ ಗಾಯಕಿ. ಮುಂದಿನ ಕ್ಷಣದಲ್ಲಿ ಅವರು ಯಾವ ದಿಕ್ಕಿಗೆ ತಿರುಗುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಅಂಥವರ ಬಳಿ ಕಳೆದ ಐದಾರು ವರ್ಷಗಳು ಜೋನ್ಸ್ ಅವರ ಕಿವಿಯನ್ನು ತಿದ್ದಿದವು ಎಂದು ನಾನು ನಂಬುತ್ತೇನೆ. ನೀವು ಕೇಳಿದ ಪಾರ್ಕರ್ ಅವರ ಸಾಥ್ ಕೂಡ ಇದೇ ಅವಧಿಯದಿರಬೇಕು. 1952ರ ಡಿಸೆಂಬರ್‌ನಲ್ಲಿ ಮ್ಯಾಕ್ಸ್ ರೋಚ್ ಅವರ ಡ್ರಮ್ಸ್‌ನೊಂದಿಗೆ ಮುದ್ರಿಸಿದ ಕೆಲವು ರಚನೆಗಳು ಬಹಳ ಪ್ರಸಿದ್ಧವಾಗಿವೆ.

ಆಮೇಲೆ ಬಂದದ್ದು ಆಫೀಸಿಗೆ ಹೋಗಿ ಬರುವಂಥ ನೌಕರಿ. 1959ರಿಂದ 1975ರವರೆಗೆ ಅವರು ಸಿಬಿಎಸ್ ಪ್ರಸಾರ ಸಂಸ್ಥೆಯ ಸಂಬಳದ ಪಿಯಾನೊ ವಾದಕರಾಗಿದ್ದರು. ಮುಂದಿಟ್ಟ ಸ್ವರಲಿಪಿಯನ್ನು ನೋಡಿದೊಡನೆ ನುಡಿಸಬೇಕು, ಬಂದ ಗಾಯಕರಿಗೆಲ್ಲ ಹೊಂದಿಕೊಳ್ಳಬೇಕು, ಸಮಯಕ್ಕೆ ಸರಿಯಾಗಿ ಮುಗಿಸಬೇಕು. 1962ರ ಮೇ 19ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನೆಡಿಯವರಿಗೆ ಹುಟ್ಟುಹಬ್ಬದ ಶುಭಾಶಯವನ್ನು ಹಾಡಿದಾಗ ಪಿಯಾನೊದ ಮುಂದೆ ಕುಳಿತಿದ್ದವರು ಇವರೇ. ಜಗತ್ತಿನಾದ್ಯಂತ ಜನ ನೋಡಿದ ಆ ಕೆಲವು ಕ್ಷಣಗಳಲ್ಲಿ ಪಿಯಾನೊ ನುಡಿಸಿದವರು ಯಾರೆಂದು ಕೇಳಿದವರು ಕಡಿಮೆ. ಕೆಲವು ವಿಮರ್ಶಕರು ಈ ಹದಿನಾರು ವರ್ಷಗಳನ್ನು ಅವರ ಕಲೆಯ ಮಟ್ಟಿಗೆ ವ್ಯರ್ಥವಾದ ಕಾಲವೆಂಬಂತೆ ದಾಟಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಆ ಅವಧಿಯಲ್ಲಿಯೇ ಸೋದರ ಥ್ಯಾಡ್ ಹಾಗೂ ಡ್ರಮ್ಸ್ ವಾದಕ ಮೆಲ್ ಲೂಯಿಸ್ ಕಟ್ಟಿದ ದೊಡ್ಡ ವಾದ್ಯವೃಂದಕ್ಕೆ 1966ರಲ್ಲಿ ಮೊದಲ ಪಿಯಾನೊ ವಾದಕರಾಗಿ ನಿಂತವರು ಇವರು; ನೌಕರಿಯ ನಂತರ ಅವರು ನುಡಿಸಿದ್ದನ್ನು ಕೇಳಿದರೆ ಕೈ ಒಂದಿಷ್ಟೂ ಜಡ್ಡುಗಟ್ಟಿರಲಿಲ್ಲವೆಂಬುದು ಗೊತ್ತಾಗುತ್ತದೆ.

ಉತ್ತರ
ಠೇಕಾ, ನವನಗರ, ಬಾಗಲಕೋಟೆ

ಕಿನ್ನರಿಯವರು ಬರೆದ ವೃತ್ತಾಂತವನ್ನು ಆಸಕ್ತಿಯಿಂದ ಓದಿದೆ. ಹೋಲಿಕೆಯ ಪ್ರಶ್ನೆ ಮಾತ್ರ ಉಳಿದಿರುವುದರಿಂದ ತಬಲಾ ನುಡಿಸುವವನಾಗಿ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ.

ಪೇಟಿಪ್ರಿಯ ಸರ್, ಪೇಟಿಯ ಸಾಥ್‌ನ ಕಿವಿಯಿಂದ ಜಾಝ್ ಪಿಯಾನೊವನ್ನು ಕೇಳಿದರೆ ಮುಖ್ಯವಾದುದು ತಪ್ಪಿಹೋಗುವ ಸಂಭವವಿದೆ. ಹಾರ್ಮೋನಿಯಂ ಸಾಥಿ ಗಾಯಕರ ಸ್ವರಾಲಾಪವನ್ನು ಅರೆಕ್ಷಣ ಹಿಂದಿನಿಂದ ಹಿಂಬಾಲಿಸುತ್ತಾರೆ, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದೇ ಮಾತನ್ನು ಮುಂದುವರಿಸಿ ಸ್ವರವನ್ನು ಆರದಂತೆ ಕಾಯುತ್ತಾರೆ. ಜಾಝ್ ಪಿಯಾನೊ ವಾದಕರು ಸ್ಯಾಕ್ಸೊಫೋನ್ ನುಡಿಸಿದ್ದನ್ನೇ ಹಿಂದಿನಿಂದ ನುಡಿಸುತ್ತ ಹೋದರೆ ಅದು ಅಡ್ಡಿ ಎನಿಸುತ್ತದೆ. ಅವರ ಕೆಲಸ ಬೇರೆ. ಮುಂದಿರುವವರ ಕಲ್ಪನೆ ನಿಲ್ಲಬೇಕಾದ ನೆಲವನ್ನು ಸ್ವರಪುಂಜಗಳಿಂದ ಹಾಸುವುದು, ಮತ್ತು ಆ ಸ್ವರಪುಂಜಗಳನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಲಯದ ಲೆಕ್ಕದಲ್ಲಿ ನಿರ್ಧರಿಸುವುದು. ಅಲ್ಲಿ ಪಿಯಾನೊ, ಬಾಸ್, ಡ್ರಮ್ಸ್ ಮೂರನ್ನೂ ಸೇರಿಸಿ ಲಯವಿಭಾಗವೆಂದೇ ಎಣಿಸುತ್ತಾರೆ. ನನ್ನ ಮಟ್ಟಿಗೆ ಹ್ಯಾಂಕ್ ಜೋನ್ಸ್ ಅವರ ಎಡಗೈ ತಂಬೂರಿ ಮತ್ತು ತಬಲಾಗಳ ನಡುವೆ ಎಲ್ಲೋ ಇದೆ, ಪೇಟಿಗೆ ಹತ್ತಿರದಲ್ಲಿಲ್ಲ.

ಆವರ್ತದ ವಿಷಯಕ್ಕೆ ಬಂದರೆ ನಮಗೆ ಒಂದು ಅನುಕೂಲವಿದೆ. ಆ ಕಾಲದ ಬಹುತೇಕ ಅಮೆರಿಕನ್ ಗೀತೆಗಳು ಎಂಟೆಂಟರ ನಾಲ್ಕು ಭಾಗಗಳಾಗಿ, ಒಟ್ಟು ಮೂವತ್ತೆರಡು ಅಳತೆಗಳಲ್ಲಿ (ಸಾಮಾನ್ಯವಾಗಿ ನಾಲ್ಕು ಮಾತ್ರೆಗಳಿಗೊಂದು ಅಳತೆ) ಒಂದು ಸುತ್ತು ಮುಗಿಸುತ್ತವೆ. ವಾದಕರು ಅದೇ ಸುತ್ತಿನ ಮೇಲೆ ಮತ್ತೆ ಮತ್ತೆ ಕಲ್ಪನೆಯನ್ನು ಬೆಳೆಸುತ್ತಾರೆ. ಝಪತಾಲದಲ್ಲಾಗಲಿ ತೀನತಾಲದಲ್ಲಾಗಲಿ ಸಮಕ್ಕೆ ಕಾಯುವ ನಮ್ಮ ಕಿವಿಗೆ, ಸುತ್ತು ಮುಗಿದು ಹೊಸದು ತೆರೆಯುವ ಜಾಗವನ್ನು ಗುರುತಿಸುವುದು ಕಷ್ಟವಾಗಬಾರದು. ಆ ಜಾಗಕ್ಕೆ ಮುಂಚಿನ ಎರಡು ಅಳತೆಗಳಲ್ಲಿ ಜೋನ್ಸ್ ಏನು ಮಾಡುತ್ತಾರೆಂದು ಕೇಳಿ. ಮುಂದಿನವರನ್ನು ಹೊಸ ಸುತ್ತಿನೊಳಕ್ಕೆ ಕರೆದೊಯ್ಯುವ ಕೆಲಸ ಅಲ್ಲಿ ನಡೆಯುತ್ತದೆ, ಅದೂ ಬಹುಪಾಲು ಎರಡೋ ಮೂರೋ ಸ್ವರಪುಂಜಗಳಲ್ಲಿ.

ಬಾಸ್ ವಾದಕರಿದ್ದಾಗ ಪ್ರತಿ ಸ್ವರಪುಂಜದ ಮೂಲಸ್ವರವನ್ನು ಪಿಯಾನೊ ಬಿಟ್ಟುಕೊಡಬಹುದು. ಆ ಪುಂಜದ ಗಾಂಧಾರ ಹಾಗೂ ನಿಷಾದಗಳೆಂದು ಕರೆಯಬಹುದಾದ ಎರಡು ಸ್ವರಗಳಿಂದಲೇ ಅದರ ಗುರುತು ಸಿಗುತ್ತದೆ. ನಮ್ಮಲ್ಲಿ ಷಡ್ಜ ಕಚೇರಿಯುದ್ದಕ್ಕೂ ಅಚಲ. ಅಲ್ಲಿ ಪುಂಜಕ್ಕೊಂದು ಷಡ್ಜವೆಂಬಂತೆ ನೆಲವೇ ಸರಿಯುತ್ತಿರುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡ ಮೇಲೆ ನನಗೆ ಜಾಝ್ ಗದ್ದಲವೆನಿಸುವುದು ನಿಂತಿತು.

ಉತ್ತರ
ನಿಷಾದ, ಶಹಾಪುರ, ಬೆಳಗಾವಿ

ಠೇಕಾ ಅವರ ವಿವರಣೆ ತಾಂತ್ರಿಕವಾಗಿ ಸರಿಯಾಗಿದೆ. ಆದರೂ ಪೇಟಿಪ್ರಿಯರ ಹೋಲಿಕೆಯನ್ನು ಪೂರ್ತಿ ಕೈಬಿಡಬೇಕೆಂದು ನನಗೆ ತೋರುವುದಿಲ್ಲ. ಅವರು ಕೇಳಿರುವುದು ವಾದನಕ್ರಮವನ್ನಷ್ಟೇ ಅಲ್ಲ, ಸಾಥಿಯಾಗಿ ಬಾಳಿದ ಒಂದು ಜೀವನವನ್ನು ಹೇಗೆ ಅಳೆಯಬೇಕೆಂಬುದನ್ನು ಕೂಡ.

ಹ್ಯಾಂಕ್ ಜೋನ್ಸ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ನಮ್ಮ ಜಿಲ್ಲೆಯ ಕಾಗವಾಡದಲ್ಲಿ ಪಂಡಿತ ರಾಮಭಾವು ಬಿಜಾಪುರೆಯವರು ಹುಟ್ಟಿದರು. ಬೆಳಗಾವಿಯಲ್ಲಿ ನೆಲೆಸಿ, ಹಾರ್ಮೋನಿಯಂ ಕಲಿಸುತ್ತ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಗಾಯಕರಿಗೆ ಸಾಥ್ ನೀಡುತ್ತ, ಸ್ವತಂತ್ರ ವಾದನವನ್ನೂ ಮಾಡುತ್ತ ಬದುಕಿದರು. ಅವರು ತೀರಿಕೊಂಡದ್ದು ಕೂಡ 2010ರಲ್ಲಿಯೇ. ಹೀಗೆ ಒಂದೇ ಕಾಲಾವಧಿಯನ್ನು ಇಬ್ಬರು ಮಹಾಸಾಥಿಗಳು ಭೂಮಿಯ ಎರಡು ಮೂಲೆಗಳಲ್ಲಿ ಕಂಡರು. ಇಬ್ಬರ ವಾದ್ಯಕ್ಕೂ ಬಿಳಿ ಕಪ್ಪು ಮನೆಗಳೇ. ಇಬ್ಬರಿಗೂ ಎರಡು ಮನೆಗಳ ನಡುವಿನ ಸ್ವರವನ್ನು ಎಳೆದು ತರುವ ಅವಕಾಶವಿಲ್ಲ.

ಆದರೆ ಪ್ರಸಾರದ ಲೋಕ ಈ ಇಬ್ಬರನ್ನು ನಡೆಸಿಕೊಂಡ ರೀತಿಯಲ್ಲಿರುವ ಅಂತರವನ್ನು ನೋಡಬೇಕು. ಆಕಾಶವಾಣಿಯು 1940ರ ಮಾರ್ಚ್‌ನಿಂದ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ಅದರ ಸಮಪ್ರಮಾಣದ ಹನ್ನೆರಡು ಸ್ವರಗಳು ರಾಗದ ಸೂಕ್ಷ್ಮ ಶ್ರುತಿಗಳನ್ನು ಹಿಡಿಯಲಾರವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅನ್ನು ತೋರಿಸಲಾರವು ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಆ ನಿರ್ಬಂಧ ಸಡಿಲಗೊಂಡದ್ದು 1970ರ ದಶಕದ ಆರಂಭದಲ್ಲಿ. ಅಂದರೆ ನ್ಯೂಯಾರ್ಕ್‌ನಲ್ಲಿ ಪ್ರಸಾರ ಸಂಸ್ಥೆಯೊಂದು ಹ್ಯಾಂಕ್ ಜೋನ್ಸ್ ಅವರಿಗೆ ಸಂಬಳ ಕೊಟ್ಟು ಪಿಯಾನೊದ ಮುಂದೆ ಕೂರಿಸಿದ್ದ ವರ್ಷಗಳಲ್ಲಿ ಬಹುಪಾಲು, ನಮ್ಮ ಹಾರ್ಮೋನಿಯಂ ವಾದಕರು ತಮ್ಮ ವಾದ್ಯದೊಂದಿಗೆ ಆಕಾಶವಾಣಿಯ ಸ್ಟುಡಿಯೊದಲ್ಲಿ ನುಡಿಸುವಂತಿರಲಿಲ್ಲ. ಅದೇ ಗಾಯಕರು ಊರ ಬೈಠಕ್‌ಗಳಲ್ಲಿ ಅದೇ ಪೇಟಿಯ ಸಾಥ್ ಪಡೆದು ರಾತ್ರಿಯಿಡೀ ಹಾಡುತ್ತಿದ್ದರು. ರೇಡಿಯೊಕ್ಕೆ ಹೋದಾಗ ಸಾರಂಗಿಯನ್ನೋ ಪಿಟೀಲನ್ನೋ ಆಶ್ರಯಿಸಬೇಕಾಗಿತ್ತು.

ಜೋನ್ಸ್ ಅವರ ಸಾಥ್ 1940ರ ದಶಕದಿಂದ ಕೊನೆಯವರೆಗೆ ಪ್ರತಿ ಘಟ್ಟದಲ್ಲಿಯೂ ಮುದ್ರಿತವಾಗಿ ಉಳಿದಿದೆ. ಅವರ ಸ್ವಂತ ಹೆಸರಿನಲ್ಲಿಯೇ ಅರವತ್ತಕ್ಕೂ ಹೆಚ್ಚು ಧ್ವನಿಮುದ್ರಿಕೆಗಳಿವೆ. ಇನ್ನೊಬ್ಬರ ಹೆಸರಿನಲ್ಲಿ ನುಡಿಸಿದವು ಅದಕ್ಕಿಂತ ಎಷ್ಟೋ ಪಟ್ಟು. ನಮ್ಮ ಪೇಟಿ ಸಾಥಿಗಳು ತಮ್ಮ ಕಸುವಿನ ವರ್ಷಗಳಲ್ಲಿ ನುಡಿಸಿದ್ದರಲ್ಲಿ ಬಹುಭಾಗ ಬೈಠಕ್ ಮುಗಿದೊಡನೆ ಗಾಳಿಯಲ್ಲಿ ಕರಗಿತು. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ಆದ್ದರಿಂದ ಪೇಟಿಪ್ರಿಯರು ಜೋನ್ಸ್ ಅವರನ್ನು ಕೇಳುವಾಗ ಒಬ್ಬ ಸಾಥಿಯ ಕೈ ಮೂವತ್ತರ ಹರೆಯದಲ್ಲಿ, ಐವತ್ತರಲ್ಲಿ, ತೊಂಬತ್ತರ ಹತ್ತಿರದಲ್ಲಿ ಹೇಗೆ ಮಾಗಿತೆಂಬುದನ್ನು ಸಾಲಾಗಿ ಕೇಳಲಿ ಎಂದು ನನ್ನ ಆಸೆ. ಅಂಥ ಸಾಲು ಪಾಠ ಕಲಿಯುವವರಿಗೆ ಅಪರೂಪಕ್ಕೆ ಸಿಗುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಪೇಟಿಪ್ರಿಯ, ಟಿಳಕವಾಡಿ, ಬೆಳಗಾವಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಠೇಕಾ ಅವರೇ, ತಾವು ಹೇಳಿದಂತೆ 1958ರ ಮುದ್ರಿಕೆಯನ್ನು ಮತ್ತೊಮ್ಮೆ ಸುತ್ತುಗಳನ್ನು ಎಣಿಸುತ್ತ ಕೇಳಿದೆ. ಶರತ್ಕಾಲದ ಎಲೆಗಳ ಕುರಿತ ಆ ಮೊದಲ ರಚನೆಯಲ್ಲಿ ಆ್ಯಡರ್ಲಿ ಅವರು ಬಹಳ ಸ್ವರಗಳನ್ನು ಸುರಿಯುವಾಗ ಪಿಯಾನೊ ಹಿಂದೆ ಸರಿದು ಚಿಕ್ಕದಾಗಿ ಮಾತನಾಡುತ್ತದೆ. ಕೊನೆಗೆ ಜೋನ್ಸ್ ಅವರ ಸರದಿ ಬಂದಾಗಲೂ ಅವರು ದನಿಯೇರಿಸದೆ ಒಂಟಿ ಸ್ವರಗಳ ಎಳೆಯನ್ನು ಹಿಡಿದು ಸಾಗುತ್ತಾರೆ. ನಿಷಾದ ಅವರು ಸೂಚಿಸಿದಂತೆ ವಯಸ್ಸಿನ ಸಾಲಿನಲ್ಲಿ ಕೇಳಬೇಕೆಂದರೆ, ನೌಕರಿಯ ನಂತರದ ವರ್ಷಗಳಲ್ಲಿ ಎಲ್ಲಿಂದ ತೊಡಗಬೇಕೆಂದು ಕಿನ್ನರಿಯವರು ತಿಳಿಸುವಿರಾ?

ಉತ್ತರ
ಕಿನ್ನರಿ, ವಿಜಯಪುರ

ಖಂಡಿತ. ನಿಷಾದ ಅವರ ಬರಹವನ್ನು ಓದಿದ ಮೇಲೆ ಸಿಬಿಎಸ್‌ನ ಆ ವರ್ಷಗಳನ್ನು ನಾನು ಇನ್ನಷ್ಟು ಗೌರವದಿಂದ ನೋಡುತ್ತೇನೆ.

1976ರಲ್ಲಿ ಬಾಸ್ ವಾದಕ ರಾನ್ ಕಾರ್ಟರ್ ಹಾಗೂ ಡ್ರಮ್ಸ್ ವಾದಕ ಟೋನಿ ವಿಲಿಯಮ್ಸ್ ಅವರೊಡನೆ ಗ್ರೇಟ್ ಜಾಝ್ ಟ್ರಯೊ ಎಂಬ ತಂಡ ರೂಪುಗೊಂಡಿತು. ಆ ಇಬ್ಬರೂ 1960ರ ದಶಕದಲ್ಲಿ ಮೈಲ್ಸ್ ಡೇವಿಸ್ ಅವರ ಪ್ರಖ್ಯಾತ ಪಂಚಕದಲ್ಲಿ ಇದ್ದವರು. ಜೋನ್ಸ್ ಅವರಿಗೆ ಆಗ 58, ವಿಲಿಯಮ್ಸ್ ಅವರಿಗೆ ಸುಮಾರು 30. ಈ ಮುದ್ರಣಗಳನ್ನು ಹೊರತಂದದ್ದು ಜಪಾನಿನ ಈಸ್ಟ್ ವಿಂಡ್ ಸಂಸ್ಥೆ. ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿನಲ್ಲಿ 1977ರಲ್ಲಿ ಮಾಡಿದ ನೇರ ಮುದ್ರಣದಲ್ಲಿ ಡ್ರಮ್ಸ್ ಗುಡುಗುತ್ತದೆ. ಅದರ ನಡುವೆಯೂ ಪಿಯಾನೊದ ಒಂದು ಸ್ವರವೂ ಹೊರಳಿ ಬೀಳುವುದಿಲ್ಲ. ಠೇಕಾ ಅವರು ಇದನ್ನು ಅವಶ್ಯವಾಗಿ ಕೇಳಬೇಕು.

ಅದಾದ ನಂತರ ಟಾಮಿ ಫ್ಲ್ಯಾನಗನ್ ಅವರೊಡನೆ 1978ರಲ್ಲಿ ನುಡಿಸಿದ ಎರಡು ಪಿಯಾನೊಗಳ ಜುಗಲ್‌ಬಂದಿ. ಫ್ಲ್ಯಾನಗನ್ ಡೆಟ್ರಾಯಿಟ್‌ನವರು, ಜೋನ್ಸ್ ಅವರಿಗಿಂತ ಹನ್ನೆರಡು ವರ್ಷ ಕಿರಿಯರು. ಜೋನ್ಸ್ ಅವರ ನಂತರದ ವರ್ಷಗಳಲ್ಲಿ ಎಲಾ ಫಿಟ್ಸ್‌ಜೆರಾಲ್ಡ್ ಅವರಿಗೆ ಬಹುಕಾಲ ಸಾಥ್ ನೀಡಿದವರು ಕೂಡ ಅವರೇ. ಒಬ್ಬರು ಮುಂದೆ ಬಂದೊಡನೆ ಇನ್ನೊಬ್ಬರು ಸಾಥಿಯಾಗುವುದನ್ನು ಇಲ್ಲಿ ಒಂದೇ ವಾದ್ಯದಲ್ಲಿ ಕೇಳಬಹುದು. ಪೇಟಿಪ್ರಿಯರೇ, ನಿಮ್ಮ ಅಭ್ಯಾಸಕ್ಕೆ ನೇರವಾಗಿ ಉಪಯೋಗಕ್ಕೆ ಬರುವಂಥದು ಇದೇ ಎಂದು ನನಗನ್ನಿಸುತ್ತದೆ. ಬ್ರಾಡ್‌ವೇಯಲ್ಲಿ ಫ್ಯಾಟ್ಸ್ ವಾಲರ್ ಅವರ ಗೀತೆಗಳನ್ನು ಆಧರಿಸಿದ ಸಂಗೀತ ನಾಟಕಕ್ಕೆ ಜೋನ್ಸ್ ಪಿಯಾನೊ ನುಡಿಸಿದ್ದು ಕೂಡ ಆ ದಶಕದ ಕೊನೆಯಲ್ಲಿಯೇ. ಎಳವೆಯಲ್ಲಿ ಕಲಿತ ಹಳೆಯ ಎಡಗೈಗೆ ಅಲ್ಲಿ ಮತ್ತೆ ಕೆಲಸ ಸಿಕ್ಕಿತು.

ಕೊನೆಯ ಘಟ್ಟ ಎಲ್ಲಕ್ಕಿಂತ ಶ್ರೀಮಂತವಾದುದು. 1995ರಲ್ಲಿ ಮಾಲಿ ದೇಶದ ಚೀಕ್ ಟಿಡಿಯಾನ್ ಸೆಕ್ ಹಾಗೂ ಅಲ್ಲಿನ ಮಾಂಡಿಂಗ್ ಪರಂಪರೆಯ ಗಾಯಕ ವಾದಕರೊಡನೆ ನುಡಿಸಿದ ಮುದ್ರಿಕೆ ಬಂತು. ಎಪ್ಪತ್ತೇಳರ ಹೊಸ್ತಿಲಿನಲ್ಲಿದ್ದ ಕಲಾವಿದರೊಬ್ಬರು ತಮಗೆ ತೀರ ಹೊಸದಾದ ಲಯಬಂಧದೊಳಗೆ ಕುಳಿತು, ತಮ್ಮ ಜಾಝ್ ಸ್ವರಪುಂಜಗಳನ್ನು ಹೇರದೆ, ಸಂದು ಕಂಡಲ್ಲಿ ಮಾತ್ರ ಸೇರಿಕೊಳ್ಳುತ್ತಾರೆ. ಮುಂದೆ ಸ್ಯಾಕ್ಸೊಫೋನ್ ವಾದಕ ಜೋ ಲೊವಾನೊ ಅವರೊಡನೆ, ಗಾಯಕಿ ರೊಬರ್ಟಾ ಗಂಬಾರಿನಿ ಅವರೊಡನೆ ನುಡಿಸಿದ ಯುಗಳ ಮುದ್ರಣಗಳಿವೆ. ಅವು ಜೋನ್ಸ್ ಎಂಬತ್ತೈದು ದಾಟಿದ ಮೇಲಿನವು. ಡ್ರಮ್ಸ್ ಕೂಡ ಇಲ್ಲದ ಆ ಯುಗಳಗಳಲ್ಲಿ ಲಯದ ಭಾರವೆಲ್ಲ ಅವರ ಎಡಗೈಯ ಮೇಲಿದೆ. 1989ರಲ್ಲಿ ಜಾಝ್ ಮಾಸ್ಟರ್ ಗೌರವ ಬಂದಿತ್ತು. ಅಮೆರಿಕದ ರಾಷ್ಟ್ರೀಯ ಕಲಾ ಪದಕ ಬಂದದ್ದು 2008ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಇನ್ನೂ ಮೊದಲೇ ಬರಬೇಕಿತ್ತು.

ಇಷ್ಟರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಬಾಸ್ ವಾದಕ ಚಾರ್ಲಿ ಹೇಡನ್ ಅವರೊಡನೆ ಮಾಡಿದ ಕೆಲಸವನ್ನು ಆರಿಸುತ್ತೇನೆ. ಅದೂ 1995ರದೇ: ಕಪ್ಪು ಜನಾಂಗದ ಭಕ್ತಿಗೀತೆಗಳು, ಚರ್ಚಿನ ಸ್ತುತಿಗಳು, ಜನಪದ ಗೀತೆಗಳು. ತಂದೆಯ ಮನೆಯಲ್ಲಿ ಬಾಲ್ಯದಿಂದ ಕೇಳಿದ ಹಾಡುಗಳನ್ನು ಅವರು ಇಲ್ಲಿ ಹೆಚ್ಚಿನ ಅಲಂಕಾರವಿಲ್ಲದೆ, ಹಾಡಿನ ನಡೆ ಕೆಡದಂತೆ ನುಡಿಸುತ್ತಾರೆ. ನಮ್ಮ ಕಡೆ ದಾಸರ ಪದವನ್ನೋ ವಚನವನ್ನೋ ಪೇಟಿಯಲ್ಲಿ ಎತ್ತಿಕೊಳ್ಳುವಾಗ, ಜನರಿಗೆ ಬಾಯಿಪಾಠವಾಗಿರುವ ಧಾಟಿಗೆ ಎಷ್ಟು ಸೇರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಪ್ರಶ್ನೆ ಸಾಥಿಗೆ ಎದುರಾಗುತ್ತದಲ್ಲ, ಅದೇ ಪ್ರಶ್ನೆಗೆ ಜೋನ್ಸ್ ಪ್ರತಿ ಚರಣದಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಾರೆ. ಇದೇ ಜೋಡಿ 2010ರ ಫೆಬ್ರುವರಿಯಲ್ಲಿ, ಅಂದರೆ ಜೋನ್ಸ್ ತೀರಿಕೊಳ್ಳುವುದಕ್ಕೆ ಮೂರು ತಿಂಗಳು ಮೊದಲು, ಅದೇ ಬಗೆಯ ಗೀತೆಗಳನ್ನು ಮತ್ತೊಮ್ಮೆ ಮುದ್ರಿಸಿತು. ಅದು 2012ರಲ್ಲಿ ಹೊರಬಂತು. ಎರಡನ್ನೂ ಒಂದರ ಹಿಂದೆ ಒಂದರಂತೆ ಕೇಳಿ, ಮೊದಲ ಬಾರಿ ಪಿಯಾನೊವನ್ನು ಮರೆತು ಬಾಸ್ ಅನ್ನು ಮಾತ್ರ ಹಿಂಬಾಲಿಸಿ. ಎರಡನೆಯ ಬಾರಿ ಕೇಳುವಾಗ, ಬಾಸ್ ಮುಂದೆ ಬಂದ ಕಡೆಗಳಲ್ಲೆಲ್ಲ ಪಿಯಾನೊ ಏನು ಮಾಡುತ್ತಿತ್ತು ಎಂಬುದನ್ನು ಬರೆದುಕೊಂಡು ಇಲ್ಲಿ ಹಂಚಿಕೊಳ್ಳಿ. ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.